ಟಸ್ಕೀಗಿಯ ಕೆಮ್ಮಣ್ಣಿನಲ್ಲಿ ಒಂದು ವಾರಾಂತ್ಯ

ಶುಕ್ರವಾರ

ಊರಿಂದ ಬಂದ ನೆಂಟರಿಗೆ ಅಟ್ಲಾಂಟಾದಲ್ಲಿ ತೋರಿಸುವಂಥದ್ದು ಬೇಗ ಮುಗಿದುಹೋಗುತ್ತದೆ. ಅಕ್ವೇರಿಯಂ ಆಯಿತು, ಕೋಕಾಕೋಲಾ ಮ್ಯೂಸಿಯಂ ಆಯಿತು, ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಮನೆಯ ಬೀದಿಯೂ ಆಯಿತು. ಭಾವನಿಗೆ ಮಾತ್ರ ಟಸ್ಕೀಗಿ ನೋಡಬೇಕಿತ್ತು, ಪಕ್ಕದ ಅಲಬಾಮ ರಾಜ್ಯದಲ್ಲಿ ಕಪ್ಪು ಜನರ ಓದಿಗೆ ಅಂತ ಶುರುವಾದ ಹಳೇ ಕಾಲೇಜು ಇರುವ ಊರು. ಅವರು ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದಿದವರು. ಹಾಸನ ಜಿಲ್ಲೆಯ ಪಶು ಆಸ್ಪತ್ರೆಗಳಲ್ಲೇ ನೌಕರಿ ಮಾಡಿ ನಿವೃತ್ತರಾದವರು. ಆ ಕಾಲೇಜಿನಲ್ಲಿದ್ದ ಕೃಷಿ ವಿಜ್ಞಾನಿ, ಕಡಲೆಕಾಯಿಯ ಕಾರ್ವರ್ ಕಥೆಯನ್ನು ಯಾವುದೋ ಕಾಲದಲ್ಲಿ ಓದಿ ತಲೆಯಲ್ಲಿ ಇಟ್ಟುಕೊಂಡಿದ್ದರು. ಅಲ್ಲೊಂದು ಪಶುವೈದ್ಯ ಕಾಲೇಜೂ ಇದೆ ಅಂತ ಗೊತ್ತಾದ ಮೇಲಂತೂ ಬಿಡಲಿಲ್ಲ. ಅಕ್ಕನಿಗೆ ಅಷ್ಟು ದೂರ ಕೂರೋಕೆ ಆಗಲ್ಲ, ಹಾಗಾಗಿ ನಾವಿಬ್ಬರೇ ಹೊರಟೆವು.

ಐ-85 ಹಿಡಿದು ದಕ್ಷಿಣಕ್ಕೆ ಹೋದರೆ ಎರಡು ಗಂಟೆ ಚಿಲ್ಲರೆ ದಾರಿ. ಜಾರ್ಜಿಯಾ ಮುಗಿದು ಅಲಬಾಮ ಶುರುವಾದಾಗ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಗಡಿಯ ಹತ್ತಿರ ಫೋನು ಒಮ್ಮೆ ಆ ಸಮಯ, ಒಮ್ಮೆ ಈ ಸಮಯ ತೋರಿಸುತ್ತೆ, ನಂಬಬೇಡಿ. ಟೂರ್ ಗೀರ್ ಏನಾದರೂ ಮೊದಲೇ ಹೇಳಿಟ್ಟಿದ್ದರೆ ಅದು ಅಲಬಾಮದ ಸಮಯ ಅಂತ ನೆನಪಿಟ್ಟುಕೊಳ್ಳಿ. ದಾರಿಯುದ್ದಕ್ಕೂ ಪೈನ್ ಮರಗಳು. ಎಲ್ಲಾದರೂ ದಿಬ್ಬ ಕಡಿದ ಕಡೆ ಕೆಮ್ಮಣ್ಣು. ಅದನ್ನು ನೋಡಿದ್ದೇ ಭಾವ, "ಥೇಟ್ ನಮ್ಮ ಕಡೆ ಮಣ್ಣೇ ಕಣೋ" ಅಂದರು.

38ನೇ ಎಕ್ಸಿಟ್‌ನಲ್ಲಿ ಇಳಿದರೆ ಊರಿಗಿಂತ ಮೊದಲು ಮೋಟನ್ ಫೀಲ್ಡ್ ಸಿಗುತ್ತದೆ. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಸೈನ್ಯ ಮೊದಲ ಬಾರಿಗೆ ಕಪ್ಪು ಯುವಕರಿಗೆ ಯುದ್ಧವಿಮಾನ ಹಾರಿಸಲು ಕಲಿಸಿದ ಜಾಗ ಇದು. ಮೊದಲ ಹಂತದ ತರಬೇತಿ ನಡೆಸುವ ಗುತ್ತಿಗೆ ಸಿಕ್ಕಿದ್ದು ಟಸ್ಕೀಗಿ ಕಾಲೇಜಿಗೆ. 1941ರ ಜುಲೈನಲ್ಲಿ ಶುರುವಾದ ಮೊದಲ ತಂಡದಲ್ಲಿ 13 ಜನ ಇದ್ದರು, ಮುಂದಿನ ಮಾರ್ಚಿನಲ್ಲಿ ಪೈಲಟ್ ಆದ ಗುರುತಿಗೆ ಕೊಡುವ ರೆಕ್ಕೆಯ ಬಿಲ್ಲೆ ಸಿಕ್ಕಿದ್ದು ಐವರಿಗೆ. ಅವರಲ್ಲಿ ಒಬ್ಬರು ಬೆಂಜಮಿನ್ ಡೇವಿಸ್. ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ನಾಲ್ಕು ವರ್ಷ ಒಬ್ಬ ಸಹಪಾಠಿಯೂ ಅವರ ಜೊತೆ ಮಾತಾಡಿರಲಿಲ್ಲ. ಊಟದ ಮೇಜಿನಲ್ಲೂ ಒಬ್ಬರೇ, ಕೋಣೆಯಲ್ಲೂ ಒಬ್ಬರೇ. ಅಂಥವರು ಆಮೇಲೆ ಒಂದು ಇಡೀ ಫೈಟರ್ ಗುಂಪನ್ನು ಯೂರೋಪಿನ ಆಕಾಶದಲ್ಲಿ ನಡೆಸಿದರು.

ಹ್ಯಾಂಗರಿನಲ್ಲಿ ತಲೆ ಮೇಲೆ ಕೆಂಪು ಬಾಲದ ಮಸ್ಟಾಂಗ್ ವಿಮಾನ ತೂಗುಹಾಕಿದ್ದಾರೆ. ಮಕ್ಕಳೆಲ್ಲ ಅದರ ಕೆಳಗೇ. ನನಗೆ ಇಷ್ಟವಾಗಿದ್ದು ಬೇರೆ ಒಂದು ಫೋಟೋ. 1941ರ ಮಾರ್ಚಿನಲ್ಲಿ ಅಧ್ಯಕ್ಷರ ಹೆಂಡತಿ ಎಲಿನಾರ್ ರೂಸ್‌ವೆಲ್ಟ್ ಟಸ್ಕೀಗಿಗೆ ಬಂದಿದ್ದರು. ಕಪ್ಪು ಜನರಿಗೆ ವಿಮಾನ ಹಾರಿಸಲು ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಿದ್ದ ಕಾಲ. ಇಲ್ಲಿನ ವಿಮಾನ ತರಬೇತಿಯ ಮುಖ್ಯ ಶಿಕ್ಷಕ ಆಲ್ಫ್ರೆಡ್ ಆಂಡರ್ಸನ್ ಓಡಿಸುತ್ತಿದ್ದ ವಿಮಾನದ ಹಿಂದಿನ ಸೀಟಿನಲ್ಲಿ ಆಯಮ್ಮ ಹತ್ತಿ ಕೂತೇಬಿಟ್ಟರು. ಕಾವಲಿನವರು ಬೇಡ ಬೇಡ ಅಂದರೂ ಕೇಳಲಿಲ್ಲ. ಫೋಟೋದಲ್ಲಿ ಹ್ಯಾಟು ಹಾಕಿಕೊಂಡು ಬಾಯಿ ತುಂಬ ನಗುತ್ತಿದ್ದಾರೆ.

ಟಸ್ಕೀಗಿಯಲ್ಲಿ ಸರ್ಕಾರದ ಪಾರ್ಕ್ ಸರ್ವಿಸ್ ನೋಡಿಕೊಳ್ಳುವ ಜಾಗಗಳಿಗೆಲ್ಲ ಪ್ರವೇಶ ಉಚಿತ. ಭಾನುವಾರ ಬಾಗಿಲು ಹಾಕಿರುವುದುಂಟು, ಯಾವುದೋ ರಿಪೇರಿಗೆ ಅಂತ ಮಧ್ಯೆ ಮುಚ್ಚಿರುವುದೂ ಉಂಟು. ಕ್ಯಾಂಪಸ್ ಒಳಗೆ ಹೊರಗಿನವರನ್ನು ಬಿಡುವ ನಿಯಮವೂ ಬದಲಾಗುತ್ತಿರುತ್ತೆ. ಹೊರಡುವ ಮುಂಚೆ ಒಂದು ಫೋನ್ ಹಾಕಿ, ಐಡಿ ಜೇಬಿನಲ್ಲಿಟ್ಟುಕೊಂಡು ಹೋಗಿ.

ಮಧ್ಯಾಹ್ನ ಕ್ಯಾಂಪಸ್ಸಿಗೆ ಹೋದಾಗ ಅಕ್ಟೋಬರ್ ಆದರೂ ಬಿಸಿಲು ಚುರ್ ಅನ್ನುತ್ತಿತ್ತು. ದೊಡ್ಡ ದೊಡ್ಡ ಓಕ್ ಮರಗಳು, ಏರು ತಗ್ಗಿನ ಹುಲ್ಲು, ಎಲ್ಲಿ ನೋಡಿದರೂ ಕೆಂಪು ಇಟ್ಟಿಗೆಯ ಕಟ್ಟಡಗಳು. ಈ ಇಟ್ಟಿಗೆಗಳೇ ಇಲ್ಲಿನ ನಿಜವಾದ ಕಥೆ ಅಂತ ನನಗೆ ಅನಿಸಿತು. ಸ್ವಲ್ಪ ಹಿಂದಿನಿಂದ ಹೇಳಬೇಕು.

ಗುಲಾಮಗಿರಿ ಮುಗಿದು 15 ವರ್ಷ ಆಗಿತ್ತು. ಈ ಊರಿನಲ್ಲಿ ಲೂಯಿಸ್ ಆಡಮ್ಸ್ ಅಂತ ಒಬ್ಬ ತಗಡಿನ ಕೆಲಸದವನಿದ್ದ, ಹಿಂದೆ ಗುಲಾಮನಾಗಿದ್ದವನು. ಆಗ ಕಪ್ಪು ಗಂಡಸರಿಗೆ ಇನ್ನೂ ಓಟು ಇತ್ತು. ಚುನಾವಣೆಗೆ ನಿಂತ ಬಿಳಿಯ ಅಭ್ಯರ್ಥಿಯೊಬ್ಬ ಬಂದು, ನಿಮ್ಮ ಜನರ ಓಟು ಹಾಕಿಸಿದರೆ ಏನು ಬೇಕು ಅಂತ ಕೇಳಿದ. ಆಡಮ್ಸ್ ತನಗೆ ಅಂತ ಏನೂ ಕೇಳಲಿಲ್ಲ, ಒಂದು ಶಾಲೆ ಕೇಳಿದ. ಮೇಷ್ಟರ ಸಂಬಳಕ್ಕೆ ಅಂತ ಸರ್ಕಾರದಿಂದ ವರ್ಷಕ್ಕೆ 2,000 ಡಾಲರ್ ಮಂಜೂರಾಯಿತು. ಜಾಗಕ್ಕೆ ದುಡ್ಡಿಲ್ಲ, ಕಟ್ಟಡಕ್ಕೂ ಇಲ್ಲ. ಪ್ರಾಂಶುಪಾಲರಾಗಿ ಬಂದ ಬೂಕರ್ ಟಿ. ವಾಷಿಂಗ್ಟನ್‌ಗೆ ಆಗಿನ್ನೂ ಇಪ್ಪತ್ತೈದರ ಆಸುಪಾಸು. ಅವರೂ ಗುಲಾಮರಾಗಿ ಹುಟ್ಟಿದವರೇ. 1881ರ ಜುಲೈ 4ರಂದು ಚರ್ಚಿನ ಪಕ್ಕದ ಗುಡಿಸಲಿನಂಥ ಜಾಗದಲ್ಲಿ 30 ಜನರಿಗೆ ಪಾಠ ಶುರುವಾಯಿತು. ಮರುವರ್ಷ ಸಾಲ ಸೋಲ ಮಾಡಿ ಪಾಳುಬಿದ್ದ 100 ಎಕರೆಯ ಹಳೇ ತೋಟವನ್ನು ಕೊಂಡರು.

ಕಟ್ಟಡ ಬೇಕಲ್ಲ, ಇಟ್ಟಿಗೆ ನಾವೇ ಮಾಡೋಣ ಅಂದರು ವಾಷಿಂಗ್ಟನ್. ಹುಡುಗರು ಮಂಡಿವರೆಗೆ ಕೆಸರಿನಲ್ಲಿ ನಿಂತು ಮಣ್ಣು ತುಳಿದರು. ಓದೋಕೆ ಬಂದವರಿಗೆ ಇದೇನು ಕರ್ಮ ಅಂತ ಬಿಟ್ಟು ಹೋದವರೂ ಉಂಟು. ಮೊದಲ ಭಟ್ಟಿ ಕೈಕೊಟ್ಟಿತು. ಎರಡನೆಯದೂ, ಮೂರನೆಯದೂ ಕೈಕೊಟ್ಟಿತು. ಕೈಯಲ್ಲಿ ಕಾಸಿಲ್ಲ. ವಾಷಿಂಗ್ಟನ್ ಮಾಂಟ್‌ಗೊಮರಿಗೆ ಹೋಗಿ ತಮ್ಮ ವಾಚನ್ನು 15 ಡಾಲರಿಗೆ ಗಿರವಿ ಇಟ್ಟು ಬಂದು ನಾಲ್ಕನೇ ಭಟ್ಟಿ ಹಾಕಿಸಿದರು. ಅದು ಸರಿಯಾಗಿ ಬೆಂದಿತು. ಆಮೇಲೆ ಇಟ್ಟಿಗೆ ಎಷ್ಟು ಚೆನ್ನಾಗಿ ಬಂತೆಂದರೆ ಊರಿನ ಬಿಳಿಯರೂ ಇಲ್ಲಿಂದಲೇ ಕೊಳ್ಳಲು ಶುರು ಮಾಡಿದರು. ವಾಚು ಮಾತ್ರ ವಾಪಸ್ ಬರಲಿಲ್ಲ.

ವಾಷಿಂಗ್ಟನ್ ಅವರ ಮನೆ 'ದಿ ಓಕ್ಸ್' ಕೂಡ ಅದೇ ಇಟ್ಟಿಗೆಯದು, 1899ರದು. ನಕ್ಷೆ ಹಾಕಿದವರು ರಾಬರ್ಟ್ ಟೇಲರ್, ಎಂಐಟಿಯಲ್ಲಿ ಓದಿ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ. ಇಟ್ಟಿಗೆ ಕಟ್ಟಿದ್ದು ವಿದ್ಯಾರ್ಥಿಗಳು, ಬಾಗಿಲು ಕಿಟಕಿ ಮಾಡಿದ್ದೂ ಅವರೇ. ನಮ್ಮನ್ನು ಸುತ್ತಾಡಿಸಿದ ಪಾರ್ಕ್ ಸರ್ವಿಸಿನ ರೇಂಜರ್ ಹೆಂಗಸು ಇದೇ ಜಿಲ್ಲೆಯವರು, ಮಾತಿನ ಮಲ್ಲಿ. ಎಲ್ಲರಿಗೂ 'ಬೇಬಿ', 'ಹನಿ' ಅಂತ ಕರೆಯುತ್ತಿದ್ದರು, ಎಪ್ಪತ್ತು ದಾಟಿದ ಭಾವನಿಗೂ. ಮೊದಲ ಸಲ ಭಾವ ಹಿಂದೆ ತಿರುಗಿ ನೋಡಿದರು.

ವಾಷಿಂಗ್ಟನ್ ಬಗ್ಗೆ ನನಗೆ ಮೊದಲಿಂದಲೂ ಒಂಥರಾ ಅನುಮಾನ. 1895ರಲ್ಲಿ ಅಟ್ಲಾಂಟಾದಲ್ಲಿ ಭಾಷಣ ಮಾಡಿ, ನಾವೂ ನೀವೂ ಸಾಮಾಜಿಕವಾಗಿ ಕೈಬೆರಳುಗಳ ಹಾಗೆ ಬೇರೆ ಬೇರೆ ಇರಬಹುದು, ಕೆಲಸಕ್ಕೆ ಮಾತ್ರ ಒಂದೇ ಕೈ ಅಂದವರು ಅವರು. ಬಿಳಿಯರು ಚಪ್ಪಾಳೆ ತಟ್ಟಿದರು. ಅದೇ ಕಾಲದ ಕಪ್ಪು ಚಿಂತಕ ಡುಬೋಯಿಸ್ ಅಂಥವರು, ಓಟು ಬಿಟ್ಟು, ಹಕ್ಕು ಬಿಟ್ಟು, ಬರೀ ಸುತ್ತಿಗೆ ಉಳಿ ಹಿಡಿದು ಎಷ್ಟು ದಿನ ಅಂತ ಕೇಳಿದರು. ನಾನು ಇದನ್ನೇ ರೇಂಜರ್ ಅವರ ಮುಂದೆ ಇಟ್ಟೆ. ಆಯಮ್ಮ ನಕ್ಕರು. "ಹನಿ, ಎಲ್ಲರೂ ಇದನ್ನೇ ಕೇಳ್ತಾರೆ. ಅವರು ಒಳಗಿಂದೊಳಗೆ ವಕೀಲರಿಗೆ ದುಡ್ಡು ಕಳಿಸ್ತಿದ್ರು, ಗೊತ್ತಾ? ಓಟಿನ ಹಕ್ಕಿನ ಕೇಸಿಗೆ. ಹೊರಗೆ ಗೊತ್ತಾಗಿದ್ರೆ ಈ ಮನೆ ಉಳಿಯುತ್ತಿರಲಿಲ್ಲ." ಗುಟ್ಟಾಗಿ ಹಣ ಕೊಟ್ಟಿದ್ದು ನಿಜವೇ. ಆದರೂ ನನಗೆ ಪೂರ್ತಿ ಸಮಾಧಾನ ಆಗಲಿಲ್ಲ. ಭಾವ ಕಾರಿನಲ್ಲಿ ನನ್ನನ್ನೇ ತರಾಟೆಗೆ ತೆಗೆದುಕೊಂಡರು: "ಸುತ್ತಲೂ ಜನರನ್ನು ಮರಕ್ಕೆ ನೇಣು ಹಾಕ್ತಿದ್ದ ಕಾಲ. ಆ ಊರಲ್ಲಿ ಕೂತು ಕಾಲೇಜು ನಡೆಸು ನೋಡೋಣ, ಆಮೇಲೆ ಮಾತಾಡು."

ಕಾರ್ವರ್ ಮ್ಯೂಸಿಯಂನಲ್ಲಿ ಭಾವ ಗಂಟೆಗಟ್ಟಲೆ ನಿಂತರು. 1896ರಲ್ಲಿ ಅಯೋವಾದಿಂದ ಬಂದ ಕಾರ್ವರ್ 1943ರಲ್ಲಿ ಸಾಯುವವರೆಗೂ ಇಲ್ಲೇ ಇದ್ದರು. ಹತ್ತಿ ಬೆಳೆದು ಬೆಳೆದು ಸತ್ತುಹೋಗಿದ್ದ ಮಣ್ಣು ಇದು. ಕಡಲೆಕಾಯಿ, ಅಲಸಂದೆ ಹಾಕಿ ಮಣ್ಣಿಗೆ ಸಾರಜನಕ ಸೇರಿಸಿ, ಗೆಣಸು ಬೆಳೆದು ಹೊಟ್ಟೆ ತುಂಬಿಸಿಕೊಳ್ಳಿ ಅಂತ ರೈತರಿಗೆ ಹೇಳಿದರು. ಬಡ ರೈತ ಕಾಲೇಜಿಗೆ ಬರಲ್ಲ ಅಂತ 1906ರಲ್ಲಿ ಕುದುರೆ ಗಾಡಿಯ ಮೇಲೆ ಉಪಕರಣ, ಬೀಜ ಎಲ್ಲ ಹೇರಿ ಹಳ್ಳಿಗಳಿಗೇ ಕಳಿಸಿದರು. ಪೀನಟ್ ಬಟರ್ ಕಂಡುಹಿಡಿದಿದ್ದು ಇವರು ಅಂತ ನಮ್ಮಲ್ಲಿ ವಾಟ್ಸಾಪಿನಲ್ಲಿ ಬರುತ್ತಲ್ಲ, ಅದು ಸುಳ್ಳು. ಇಲ್ಲಿನ ಮಣ್ಣಿನಿಂದ ಬಣ್ಣ ತಯಾರಿಸಿ ಚಿತ್ರ ಬರೆದದ್ದು, ಕ್ರೋಶ ಹೆಣೆದದ್ದು ನಿಜ, ಎಲ್ಲ ಅಲ್ಲಿ ಇಟ್ಟಿದ್ದಾರೆ. ಗಾಂಧಿಯವರ ಆಪ್ತ ಸಿ.ಎಫ್. ಆಂಡ್ರ್ಯೂಸ್ ಇಲ್ಲಿಗೆ ಬಂದು ಕಾರ್ವರ್ ಅವರನ್ನು ಕಂಡಿದ್ದರು. ಆಮೇಲೆ ಕಾರ್ವರ್ ಗಾಂಧಿಯವರ ಆಹಾರದ ಬಗ್ಗೆ ಸಲಹೆ ಬರೆದು ಕಳಿಸಿದ್ದೂ ಉಂಟು.

ಭಾವನಿಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಕೋಳಿಗಳ ವಿಷಯ. ವಾಷಿಂಗ್ಟನ್ ಕಾರ್ವರ್ ತಲೆಗೆ ಕಾಲೇಜಿನ ಕೋಳಿ ಸಾಕಣೆಯನ್ನೂ ಕಟ್ಟಿದ್ದರು. ಕಾರ್ವರ್‌ಗೆ ಅದು ಒಗ್ಗಲಿಲ್ಲ. ಕೋಳಿ ಸಾಯೋದು, ಲೆಕ್ಕ ತಪ್ಪೋದು, ಪ್ರಾಂಶುಪಾಲರಿಂದ ಬೈಗುಳದ ಪತ್ರ, ಇವರಿಂದ ರಾಜೀನಾಮೆ ಕೊಡ್ತೀನಿ ಅನ್ನುವ ಉತ್ತರ. "ಎಲ್ಲಾ ಇಲಾಖೆಯಲ್ಲೂ ಇದೇ ಕಥೆ" ಅಂತ ಭಾವ ಬಿದ್ದು ಬಿದ್ದು ನಕ್ಕರು.

ರಾತ್ರಿ ಓಪೆಲೈಕಾದಲ್ಲಿ ರೂಮು. ಟಸ್ಕೀಗಿಯಲ್ಲಿ ಉಳಿಯುವ ಜಾಗ ಕಡಿಮೆ, ಫುಟ್ಬಾಲ್ ಇರುವ ವಾರಾಂತ್ಯ ಸುತ್ತಮುತ್ತ ಎಲ್ಲೂ ಸುಲಭಕ್ಕೆ ಸಿಗಲ್ಲ.

ಶನಿವಾರ

ಬೆಳಿಗ್ಗೆ ತಿಂಡಿಗೆ ಗ್ರಿಟ್ಸ್. ನಮ್ಮ ಜೋಳದ ನುಚ್ಚಿನ ಅಣ್ಣನೋ ತಮ್ಮನೋ ಇರಬೇಕು. ಭಾವ ಅದಕ್ಕೆ ಬೆಣ್ಣೆ, ಮೆಣಸಿನ ಪುಡಿ ಹಾಕಿ, ಬ್ಯಾಗಿನಿಂದ ಉಪ್ಪಿನಕಾಯಿ ತೆಗೆದರು. ಬಡಿಸುತ್ತಿದ್ದ ಹುಡುಗಿ ನನಗೂ ಸ್ವಲ್ಪ ಕೊಡಿ ಅಂದಳು, ತಿಂದು ಕಣ್ಣಲ್ಲಿ ನೀರು ಹಾಕಿಕೊಂಡು ಇನ್ನೊಂದು ಚೂರು ಕೇಳಿದಳು.

ಊರಿನ ಚೌಕಕ್ಕೆ ಹೋದೆವು. ಅರ್ಧಕ್ಕರ್ಧ ಅಂಗಡಿ ಮುಚ್ಚಿವೆ. ಚೌಕದ ನಟ್ಟನಡುವೆ ಎತ್ತರದ ಕಂಬದ ಮೇಲೆ ಬಂದೂಕು ಹಿಡಿದ ಕಾನ್ಫೆಡರೇಟ್ ಸೈನಿಕನ ಪ್ರತಿಮೆ, ಅಂದರೆ ಗುಲಾಮಗಿರಿ ಉಳಿಸಲು ಯುದ್ಧಕ್ಕೆ ನಿಂತ ಪಕ್ಷದ ಸೈನಿಕ. ಊರಿನಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಜನ ಕಪ್ಪು ಜನ. ಆದರೂ ನಾವು ಹೋದಾಗ ಅವನು ಅಲ್ಲೇ ನಿಂತಿದ್ದ. 1906ರಲ್ಲಿ ನಿಲ್ಲಿಸಿದ್ದು, ಆ ಜಾಗವನ್ನೇ ಪ್ರತಿಮೆ ನಿಲ್ಲಿಸಿದ ಮಹಿಳಾ ಸಂಘಕ್ಕೆ ಬರೆದುಕೊಟ್ಟಿದ್ದರಿಂದ ಕೋರ್ಟು ಕಚೇರಿ ಅಂತ ಎಳೆಯುತ್ತಲೇ ಬಂದಿದೆ. 2021ರಲ್ಲಿ ಊರಿನ ಕೌನ್ಸಿಲ್ ಸದಸ್ಯರೊಬ್ಬರು ತಾವೇ ಮೇಲೆ ಹತ್ತಿ ಗರಗಸದಲ್ಲಿ ಕಾಲು ಕುಯ್ಯಲು ಹೊರಟಿದ್ದರು. ಅಲ್ಲೇ ಬೆಂಚಿನ ಮೇಲೆ ಕೂತಿದ್ದ ಅಜ್ಜನೊಬ್ಬರಿಗೆ ಕೇಳಿದೆ, ದಿನಾ ಇದನ್ನು ನೋಡಿ ಸಿಟ್ಟು ಬರಲ್ವಾ ಅಂತ. "ಸಿಟ್ಟು ಬರೋದು ನಿಂತು ಎಷ್ಟೋ ಕಾಲ ಆಯ್ತು. ಪಾರಿವಾಳಗಳಿಗೆ ಅಂತ ಬಿಟ್ಟಿದ್ದೀವಿ" ಅಂದರು.

ಹತ್ತಿರದಲ್ಲೇ ಊರಿನವರೇ ಕಟ್ಟಿಕೊಂಡ ಚರಿತ್ರೆಯ ಕೇಂದ್ರ ಇದೆ. ಇದನ್ನು ಶುರು ಮಾಡಿದವರಲ್ಲಿ ಮುಖ್ಯರು, ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಅವರ ವಕೀಲರಾಗಿದ್ದ ಫ್ರೆಡ್ ಗ್ರೇ. ರೋಸಾ ಪಾರ್ಕ್ಸ್ ಹುಟ್ಟಿದ್ದೂ ಇದೇ ಊರಲ್ಲಿ. ಒಳಗೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಟಸ್ಕೀಗಿ ಪಟ್ಟಣದ ಗಡಿಯ ಕಥೆ. 1957ರವರೆಗೆ ಅದು ನೆಟ್ಟಗೆ ಚೌಕ. ಕಾಲೇಜು, ಆಸ್ಪತ್ರೆಗಳ ದೆಸೆಯಿಂದ ಓದಿದ ಕಪ್ಪು ಜನ ಜಾಸ್ತಿಯಾಗಿ, ಓಟಿಗೂ ಹೆಸರು ಬರೆಸತೊಡಗಿದರು. ಆಗ ರಾಜ್ಯದ ಶಾಸನಸಭೆ ಪಟ್ಟಣದ ಗಡಿಯನ್ನೇ ಬೇರೆ ಥರ ಗೀಚಿತು. 28 ಮೂಲೆಯ ವಿಚಿತ್ರ ಆಕಾರ. ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಜನ ಬಿಟ್ಟು ಎಲ್ಲರೂ ಊರಿನ ಹೊರಗಾದರು. ಒಬ್ಬನೇ ಒಬ್ಬ ಬಿಳಿಯ ಹೊರಗಾಗಲಿಲ್ಲ. ಕಾಲೇಜಿನ ಕ್ಯಾಂಪಸ್ಸೂ ಹೊರಗೆ.

ಇದಕ್ಕೆ ಎದುರು ನಿಂತದ್ದು ಅದೇ ಕಾಲೇಜಿನ ಸಮಾಜಶಾಸ್ತ್ರದ ಮೇಷ್ಟರು, ಚಾರ್ಲ್ಸ್ ಗೋಮಿಲಿಯನ್. ಕಪ್ಪು ಜನ ಊರಿನ ಬಿಳಿಯರ ಅಂಗಡಿಗಳಿಗೆ ಹೋಗುವುದನ್ನೇ ನಿಲ್ಲಿಸಿದರು, ಎಷ್ಟೋ ಅಂಗಡಿ ಬಾಗಿಲು ಹಾಕಿದವು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1960ರಲ್ಲಿ ಇವರ ಪರ ತೀರ್ಪು ಬಂತು. ವಾದ ಮಾಡಿದ ಫ್ರೆಡ್ ಗ್ರೇಗೆ ಆಗ ಮೂವತ್ತೂ ತುಂಬಿರಲಿಲ್ಲ. ವಾಷಿಂಗ್ಟನ್ ಬರೀ ಸುತ್ತಿಗೆ ಉಳಿ ಕಲಿಸಿದರು ಅಂತ ನಾನು ಹಿಂದಿನ ದಿನ ವಾದ ಮಾಡಿದ್ದೆನಲ್ಲ, ಭಾವ ನಕ್ಷೆಗೆ ಬೆರಳಿಟ್ಟು ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ.

ಅಲ್ಲಿಂದ ಮುಂದಿನ ಕಥೆ ಅಷ್ಟು ಸುಲಭದ್ದಲ್ಲ. 1966ರ ಜನವರಿಯಲ್ಲಿ ಸ್ಯಾಮಿ ಯಂಗ್ ಅಂತ ಇಲ್ಲಿನ ವಿದ್ಯಾರ್ಥಿ, ಪೆಟ್ರೋಲ್ ಬಂಕಿನಲ್ಲಿ ಬಿಳಿಯರ ಶೌಚಾಲಯ ಬಳಸಲು ಹೋದದ್ದಕ್ಕೆ ಗುಂಡೇಟು ತಿಂದು ಸತ್ತ. ನೌಕಾಪಡೆಯಲ್ಲಿ ಕೆಲಸ ಮಾಡಿ ಬಂದಿದ್ದ ಹುಡುಗ, 21 ವರ್ಷ. ಗುಂಡು ಹಾರಿಸಿದವನು ನಿರ್ದೋಷಿ ಅಂತ ತೀರ್ಪು ಬಂದ ರಾತ್ರಿ ವಿದ್ಯಾರ್ಥಿಗಳು ಚೌಕಕ್ಕೆ ನುಗ್ಗಿ ಆ ಕಲ್ಲಿನ ಸೈನಿಕನ ಮುಖಕ್ಕೆ ಕಪ್ಪು ಬಣ್ಣ ಬಳಿದು, ಬೆನ್ನಿಗೆ ಹಳದಿ ಪಟ್ಟೆ ಎಳೆದರು.

ಮಧ್ಯಾಹ್ನದ ಊಟ ಒಂದು ಸಣ್ಣ ಹೋಟೆಲಿನಲ್ಲಿ. ಕರಿದ ಕ್ಯಾಟ್‌ಫಿಶ್, ಕಾಲರ್ಡ್ ಸೊಪ್ಪು, ಚೀಸ್ ಹಾಕಿದ ಮ್ಯಾಕರೋನಿ, ಜೋಳದ ಹಿಟ್ಟಿನ ಬ್ರೆಡ್ಡು, ಕೊನೆಗೆ ಗೆಣಸಿನ ಪೈ. ಸಸ್ಯಾಹಾರಿಗಳು ಸೊಪ್ಪು ತಾನೇ ಅಂತ ಸುಮ್ನೆ ಬಾಯಿಗೆ ಹಾಕಬೇಡಿ. ಹಂದಿಯದೋ ಟರ್ಕಿಯದೋ ಮೂಳೆ ಹಾಕಿಯೇ ಬೇಯಿಸಿರುತ್ತಾರೆ, ಕೇಳಿ ತಿನ್ನಿ. ನಮಗೆ ಆ ಸಮಸ್ಯೆ ಇಲ್ಲ, ತಟ್ಟೆ ಖಾಲಿ ಮಾಡಿದೆವು.

ಸಂಜೆ ಕಾಲೇಜಿನ ಮೈದಾನದಲ್ಲಿ ಫುಟ್ಬಾಲ್ ಪಂದ್ಯ. ಮೈದಾನಕ್ಕೆ ಕ್ಲೀವ್ ಆಬಟ್ ಅನ್ನುವ ಕೋಚ್ ಹೆಸರು. ಅವರು ಫುಟ್ಬಾಲ್ ಒಂದೇ ಅಲ್ಲ, ಹುಡುಗಿಯರ ಅಥ್ಲೆಟಿಕ್ಸ್ ತಂಡವನ್ನೂ ಕಟ್ಟಿದರು. ಇಲ್ಲಿ ಓದಿದ ಆಲಿಸ್ ಕೋಚ್‌ಮನ್ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಎತ್ತರ ಜಿಗಿತದಲ್ಲಿ ಚಿನ್ನ ಗೆದ್ದರು, ಜಗತ್ತಿನಲ್ಲೇ ಒಲಿಂಪಿಕ್ಸ್ ಚಿನ್ನ ಗೆದ್ದ ಮೊದಲ ಕಪ್ಪು ಮಹಿಳೆ.

ಪಂದ್ಯ ಏನಾಯಿತು ಅಂತ ನನಗೆ ಸರಿಯಾಗಿ ಗೊತ್ತಾಗಲಿಲ್ಲ, ಅಮೆರಿಕದ ಫುಟ್ಬಾಲ್ ಇಷ್ಟು ವರ್ಷದಲ್ಲೂ ನನ್ನ ತಲೆಗೆ ಹತ್ತಿಲ್ಲ. ಆದರೆ ಅರ್ಧ ಆಟಕ್ಕೆ ವಿರಾಮ ಬಂದಾಗ ಬೇರೆ ಮೈದಾನಗಳಲ್ಲಿ ಜನ ತಿನ್ನೋಕೆ ಎದ್ದು ಹೋಗುತ್ತಾರೆ, ಇಲ್ಲಿ ಹೊರಗಿದ್ದವರೆಲ್ಲ ಓಡಿ ಬಂದು ಕೂತರು. ಬ್ಯಾಂಡ್ ಬರುತ್ತಿತ್ತು. ಕಡುಗೆಂಪು ಮತ್ತು ಹಳದಿ ಉಡುಪು, ಮಂಡಿ ಎದೆಯವರೆಗೆ ಎತ್ತಿ ಹಾಕುವ ಹೆಜ್ಜೆ, ಡೊಳ್ಳಿನ ಸದ್ದು ಬೆಂಚಿನ ಕೆಳಗಿನಿಂದ ಬೆನ್ನಿಗೆ ಬಡಿಯುತ್ತಿತ್ತು. ಟ್ಯೂಬಾ ಹೊತ್ತ ದಪ್ಪ ಹುಡುಗನೊಬ್ಬ ಅಷ್ಟು ಭಾರ ಹೊತ್ತುಕೊಂಡೇ ಸೊಂಟ ಬಳುಕಿಸಿದಾಗ ನಮ್ಮ ಹಿಂದಿನ ಸಾಲಿನ ಅಜ್ಜಿಯಂದಿರು ಎದ್ದು ಕುಣಿದರು. ಭಾವ ಮೊದಲು ಕಿವಿಗೆ ಹತ್ತಿ ಹುಡುಕಿದರು, ಐದು ನಿಮಿಷದಲ್ಲಿ ತಾಳ ಹಾಕುತ್ತಿದ್ದರು. "ಎಲ್ಲರೂ ಆಟ ನೋಡೋಕಲ್ಲ, ವಿರಾಮ ನೋಡೋಕೆ ಬಂದಿದ್ದಾರೆ" ಅಂದರು. ಆಟ ಮುಗಿದರೂ ಜನ ಏಳಲಿಲ್ಲ. ಎರಡೂ ಕಾಲೇಜಿನ ಬ್ಯಾಂಡುಗಳು ಎದುರುಬದುರಾಗಿ ಸವಾಲು ಜವಾಬು ಶುರು ಮಾಡಿದವು. ಆಟಕ್ಕೆ ಇರುವುದು ನಾಲ್ಕೇ ಕ್ವಾರ್ಟರ್, ಇಂಥ ಕಾಲೇಜುಗಳಲ್ಲಿ ಇದನ್ನು ಐದನೇ ಕ್ವಾರ್ಟರ್ ಅಂತಾರೆ. ಲಯನಲ್ ರಿಚಿ ಹಾಡುತ್ತಿದ್ದ ಕಮೋಡೋರ್ಸ್ ತಂಡ ಹುಟ್ಟಿದ್ದೂ ಇದೇ ಕ್ಯಾಂಪಸ್ಸಿನ ವಿದ್ಯಾರ್ಥಿಗಳಿಂದ, 1968ರಲ್ಲಿ.

ಪಕ್ಕದಲ್ಲಿ ಕೂತಿದ್ದ ಹುಡುಗಿ ಏರೋಸ್ಪೇಸ್ ಎಂಜಿನಿಯರಿಂಗ್ ಓದುತ್ತಿದ್ದಳು, ಡೆಟ್ರಾಯಿಟ್ ಕಡೆಯವಳು. ಅಮ್ಮನೂ ಅಜ್ಜಿಯೂ ಇಲ್ಲೇ ಓದಿದವರಂತೆ. ಕಾಲೇಜಿಗೆ 'ಮದರ್ ಟಸ್ಕೀಗಿ' ಅಂತಲೇ ಅನ್ನುತ್ತಿದ್ದಳು. ಹಳೇ ವಸತಿಗೃಹ, ವೈಫೈ, ಊಟದ ಬಗ್ಗೆ ಒಂದು ಪಟ್ಟಿ ದೂರು ಹೇಳಿದಳು, ಅದು ಯಾವ ಹಾಸ್ಟೆಲಿನಲ್ಲಿ ಇಲ್ಲ ಹೇಳಿ. ಬೇರೆ ದೊಡ್ಡ ಕಾಲೇಜಿನಲ್ಲೂ ಸೀಟು ಸಿಕ್ಕಿತ್ತಂತೆ. ಮತ್ತೆ ಇಲ್ಲಿಗೇಕೆ ಬಂದೆ ಅಂದೆ. "ಹೈಸ್ಕೂಲಿನಲ್ಲಿ ಫಿಸಿಕ್ಸ್ ಕ್ಲಾಸಿಗೆ ನಾನೊಬ್ಬಳೇ ಕಪ್ಪು ಹುಡುಗಿ. ನಾನು ತಪ್ಪು ಉತ್ತರ ಹೇಳಿದ್ರೆ ನಮ್ಮ ಇಡೀ ಜನವೇ ತಪ್ಪು ಹೇಳಿದ ಹಾಗೆ ನೋಡ್ತಿದ್ರು. ಇಲ್ಲಿ ಫೇಲಾದ್ರೆ ನಾನೊಬ್ಬಳು ಫೇಲಾಗ್ತೀನಿ, ಅಷ್ಟೇ" ಅಂದಳು. ಆಮೇಲೆ ನಗುತ್ತಾ, "ಕ್ಯಾಲ್ಕುಲಸ್ಸಿನಲ್ಲಿ ಆಗಲೇ ಒಂದ್ಸಲ ಆಗಿದ್ದೀನಿ" ಅಂತ ಸೇರಿಸಿದಳು.

1964ಕ್ಕೆ ಮುಂಚೆ ಕಪ್ಪು ಜನರ ಓದಿಗೆ ಅಂತಲೇ ಶುರುವಾದ ಇಂಥ ಕಾಲೇಜುಗಳು ಇವತ್ತಿಗೂ ಸುಮಾರು ನೂರು ಇವೆ. ಈಗ ಎಲ್ಲ ಕಾಲೇಜೂ ಎಲ್ಲರಿಗೂ ತೆರೆದಿದೆಯಲ್ಲ, ಮತ್ತೆ ಇವು ಯಾಕೆ ಅಂತ ಅಮೆರಿಕದಲ್ಲಿ ಆಗಾಗ ಚರ್ಚೆ ನಡೆಯುತ್ತದೆ. ಅಂಕಿ ಅಂಶ ಹಿಡಿದು ಮಾಡುವ ವಾದಗಳನ್ನು ನಾನೂ ಓದಿದ್ದೇನೆ. ಆ ಹುಡುಗಿ ಹೇಳಿದಷ್ಟು ಸ್ಪಷ್ಟವಾಗಿ ಯಾರೂ ಹೇಳಿದ್ದನ್ನು ಕಂಡಿಲ್ಲ.

ಭಾನುವಾರ

ರಾತ್ರಿಯಿಡೀ ಮಳೆ. ಬೆಳಿಗ್ಗೆ ಚಾಪೆಲ್ಲಿಗೆ ಹೋದೆವು. ಟೇಲರ್ ಕಟ್ಟಿಸಿದ್ದ ಹಳೆಯ ಚಾಪೆಲ್ 1957ರಲ್ಲಿ ಸುಟ್ಟುಹೋಯಿತು. ಈಗಿರುವುದು ವಾಸ್ತುಶಿಲ್ಪಿ ಪಾಲ್ ರುಡಾಲ್ಫ್ ವಿನ್ಯಾಸ, 1969ರದ್ದು. ಒಳಗೆ ಗೋಡೆಗಳು ಅಂಕುಡೊಂಕಾಗಿ ಮೇಲೇಳುತ್ತವೆ, ಬೆಳಕು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗಲ್ಲ, ಸೂರಿನ ಅಂಚಿನ ಸೀಳುಗಳಿಂದ ಗೋಡೆಗುಂಟ ಜಾರಿ ಬರುತ್ತೆ. ಗುಲಾಮರ ಕಾಲದ ಭಕ್ತಿಗೀತೆಗಳ ಚಿತ್ರ ಇರುವ ಬಣ್ಣದ ಗಾಜಿನ ಕಿಟಕಿಯ ಎದುರು ಕೂತು ಅದೇ ಗೀತೆಗಳನ್ನು ಕೇಳುವುದು ಬೇರೆಯೇ ಅನುಭವ. ಪ್ರವಚನ ಉದ್ದ ಇತ್ತು. ಭಾವ ತೂಕಡಿಸಿದರು.

ಪಕ್ಕದಲ್ಲೇ ವಾಷಿಂಗ್ಟನ್, ಕಾರ್ವರ್ ಇಬ್ಬರ ಸಮಾಧಿ. ಸ್ವಲ್ಪ ದೂರದಲ್ಲಿ ಆ ಪ್ರಸಿದ್ಧ ಪ್ರತಿಮೆ, 1922ರದ್ದು: ವಾಷಿಂಗ್ಟನ್ ನಿಂತು, ಕೂತಿರುವ ಮನುಷ್ಯನ ಮೇಲಿಂದ ಅಜ್ಞಾನದ ಪರದೆ ಎತ್ತುತ್ತಿದ್ದಾರೆ. ಕಾದಂಬರಿಕಾರ ರಾಲ್ಫ್ ಎಲಿಸನ್ 1933ರಲ್ಲಿ ಗೂಡ್ಸ್ ರೈಲುಗಳಲ್ಲಿ ಕದ್ದು ಕೂತು ಇಲ್ಲಿಗೆ ಸಂಗೀತ ಕಲಿಯಲು ಬಂದವರು. ಇಂಥದ್ದೇ ಪ್ರತಿಮೆಯನ್ನು ತಮ್ಮ ಕಾದಂಬರಿಯಲ್ಲಿ ತಂದು, ಪರದೆ ಎತ್ತುತ್ತಿದ್ದಾರೋ ಇನ್ನೂ ಗಟ್ಟಿಯಾಗಿ ಹೊದಿಸುತ್ತಿದ್ದಾರೋ ಅಂತ ಕಥಾನಾಯಕನ ಬಾಯಲ್ಲಿ ಕೇಳಿಸಿದರು. ನಾನು ಸುತ್ತಿ ಸುತ್ತಿ ನೋಡಿದೆ. ಎದುರಿನಿಂದ ಎತ್ತಿದಂತೆಯೇ ಕಾಣುತ್ತೆ. ಪಕ್ಕದಿಂದ ನೋಡಿದರೆ ನನಗೂ ಖಾತ್ರಿಯಾಗಲಿಲ್ಲ.

ವೆಟರ್ನರಿ ಕಾಲೇಜು ಭಾನುವಾರ ಮುಚ್ಚಿತ್ತು, ಹೊರಗಿನಿಂದಲೇ ನೋಡಬೇಕಾಯಿತು. 1945ರಲ್ಲಿ ಇದನ್ನು ಶುರು ಮಾಡಿಸಿದ ಆಗಿನ ಅಧ್ಯಕ್ಷ ಫ್ರೆಡರಿಕ್ ಪ್ಯಾಟರ್ಸನ್ ತಾವೂ ಪಶುವೈದ್ಯರು. ದಕ್ಷಿಣದ ಬೇರೆ ಕಾಲೇಜುಗಳು ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. 1949ರಲ್ಲಿ ಹೊರಬಂದ ಮೊದಲ ತಂಡದಲ್ಲೇ ಆಲ್ಫ್ರೀಡಾ ವೆಬ್ ಅನ್ನುವ ಹೆಣ್ಣುಮಗಳಿದ್ದಳು. ಅಮೆರಿಕದ ಕಪ್ಪು ಪಶುವೈದ್ಯರಲ್ಲಿ 70%ರಷ್ಟು ಜನ ತಮ್ಮಲ್ಲಿ ಓದಿದವರೇ ಅಂತ ಕಾಲೇಜು ಹೇಳಿಕೊಳ್ಳುತ್ತದೆ. ಭಾವ ಬೋರ್ಡಿನ ಮುಂದೆ ಕೈಕಟ್ಟಿ ನಿಂತು, ನಾಲ್ಕು ಕೋನದಿಂದ ಫೋಟೋ ತೆಗೆಸಿಕೊಂಡರು.

ಅಲ್ಲಿಂದ ಉತ್ತರಕ್ಕೆ ನೊಟಸಲ್ಗಾ ಕಡೆ ಹಳ್ಳಿ ರಸ್ತೆ. ಶೈಲೋ ಅಂತ ಒಂದು ಚರ್ಚು. ಟಸ್ಕೀಗಿ ಅಂದ ತಕ್ಷಣ ಹೊರಗಿನವರಿಗೆ ನೆನಪಾಗುವ ಆ ಕೆಟ್ಟ ಕಥೆ ನಡೆದ ಜಾಗಗಳಲ್ಲಿ ಇದೂ ಒಂದು. 1932ರಿಂದ 1972ರವರೆಗೆ ಅಮೆರಿಕ ಸರ್ಕಾರದ ಸಾರ್ವಜನಿಕ ಆರೋಗ್ಯ ಸೇವೆಯವರು ಈ ಸುತ್ತಿನ ಸುಮಾರು 600 ಕಪ್ಪು ಗಂಡಸರನ್ನು, ನಿಮಗೆ ಕೆಟ್ಟ ರಕ್ತ ಇದೆ, ಚಿಕಿತ್ಸೆ ಕೊಡ್ತೀವಿ ಅಂತ ನಂಬಿಸಿ ಪರೀಕ್ಷೆ ಮಾಡುತ್ತಾ ಬಂದರು. ಅವರಲ್ಲಿ 399 ಜನರಿಗೆ ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಇತ್ತು. ಹೇಳಲಿಲ್ಲ. 1940ರ ದಶಕದ ಕೊನೆಗೆ ಅದನ್ನು ವಾಸಿ ಮಾಡುವ ಪೆನಿಸಿಲಿನ್ ಎಲ್ಲ ಕಡೆ ಸಿಗುತ್ತಿದ್ದರೂ ಕೊಡಲಿಲ್ಲ. ರೋಗ ಹೇಗೆ ಬೆಳೆಯುತ್ತೆ ಅಂತ ನೋಡಬೇಕಿತ್ತು. ಸತ್ತ ಮೇಲೆ ಶವ ಕುಯ್ಯಲು ಒಪ್ಪಿದರೆ ಮಣ್ಣು ಮಾಡುವ ಖರ್ಚು ಕೊಡುತ್ತಿದ್ದರು. ಕಾಲೇಜಿನ ಆಸ್ಪತ್ರೆಯೂ ಇದಕ್ಕೆ ಕೈ ಜೋಡಿಸಿತ್ತು, ಅದನ್ನು ಮುಚ್ಚಿಡುವಂತಿಲ್ಲ. ಫ್ರೆಡ್ ಗ್ರೇ ಅವರೇ ಮೊಕದ್ದಮೆ ಹೂಡಿದರು. 1997ರಲ್ಲಿ ಕ್ಲಿಂಟನ್ ದೇಶದ ಪರವಾಗಿ ಕ್ಷಮೆ ಕೇಳಿದರು. ಆಮೇಲೆ ಕಾಲೇಜಿನಲ್ಲೇ ವೈದ್ಯಕೀಯ ನೀತಿಶಾಸ್ತ್ರದ ಕೇಂದ್ರ ಶುರುವಾಯಿತು.

ಚರ್ಚಿನ ಹತ್ತಿರ ರಸ್ತೆ ಬದಿಗೆ ಕಾರು ಇಳಿಸಿದ್ದೇ ತಡ, ಎಡಗಡೆ ಚಕ್ರ ಕೆಸರಿನಲ್ಲಿ ಹೂತುಹೋಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಕೆಮ್ಮಣ್ಣು ಹಿಂದೆ ನಿಂತಿದ್ದ ಭಾವನ ಬಿಳಿ ಅಂಗಿಗೆ ಹಾರಿತು. ಪ್ರಾರ್ಥನೆ ಮುಗಿಸಿ ಹೊರಬರುತ್ತಿದ್ದ ಮೂರು ನಾಲ್ಕು ಜನ ಸೂಟು ಹಾಕಿಕೊಂಡೇ ಬಂದರು, ಒಬ್ಬರು ಪಿಕಪ್ ತಂದು ಹಗ್ಗ ಕಟ್ಟಿ ಎಳೆದರು. ಹತ್ತು ನಿಮಿಷದ ಕೆಲಸ. ದುಡ್ಡು ಅಂತ ಜೇಬಿಗೆ ಕೈ ಹಾಕಿದ್ದಕ್ಕೆ ಬೈಸಿಕೊಂಡೆವು. ಮಳೆ ಬಂದ ಮಾರನೆ ದಿನ ಆ ಕಡೆ ಹೋದರೆ ಟಾರು ಬಿಟ್ಟು ಇಳಿಯಲೇಬೇಡಿ.

ಬಿಳಿ ಹ್ಯಾಟಿನ ಅಜ್ಜಿಯೊಬ್ಬರು, ಭಾವನ ಅಂಗಿ ನೋಡಿ ಅಯ್ಯೋ ಅಂದು, ಒಂದು ಟವೆಲ್ಲೂ ಎರಡು ತುಂಡು ಪೌಂಡ್ ಕೇಕೂ ತಂದುಕೊಟ್ಟರು. ಅವರೇ ಪಕ್ಕದ ಹಳೇ ಮರದ ಶಾಲೆ ತೋರಿಸಿದ್ದು. ಎತ್ತರದ ಸಾಲು ಕಿಟಕಿಗಳ ಪುಟ್ಟ ಕಟ್ಟಡ. ಇಂಥವನ್ನು ರೋಸೆನ್‌ವಾಲ್ಡ್ ಶಾಲೆ ಅಂತಾರೆ. ಬೂಕರ್ ವಾಷಿಂಗ್ಟನ್ ಷಿಕಾಗೋದ ಸಾಹುಕಾರ ಜೂಲಿಯಸ್ ರೋಸೆನ್‌ವಾಲ್ಡ್ ಅವರನ್ನು ಒಪ್ಪಿಸಿ ಈ ಕೆಲಸ ಶುರು ಮಾಡಿದರು. ಮೊದಲ ಶಾಲೆಗಳು ಎದ್ದದ್ದು ಟಸ್ಕೀಗಿಯ ಸುತ್ತಮುತ್ತಲೇ. 1930ರ ದಶಕದ ಹೊತ್ತಿಗೆ ದಕ್ಷಿಣದ ಉದ್ದಕ್ಕೂ 5,000ದ ಹತ್ತಿರ ಆದವು. ಹೆಸರು ಸಾಹುಕಾರರದು, ಆದರೆ ಲೆಕ್ಕ ತೆಗೆದರೆ ಅವರ ನಿಧಿಗಿಂತ ಕಪ್ಪು ಜನರೇ ಕೂಡಿಸಿ ಕೊಟ್ಟ ಹಣ ಜಾಸ್ತಿ. ಅದೂ ಸರ್ಕಾರಕ್ಕೆ ಶಾಲೆಯ ತೆರಿಗೆ ಬೇರೆ ಕಟ್ಟಿಕೊಂಡು. "ನಮ್ಮಜ್ಜಿ ಮೊಟ್ಟೆ ಮಾರಿ ಕೊಟ್ಟಿದ್ರು. ನಮ್ಮಜ್ಜ ಮರ ಕಡಿದು ತಂದ್ರು" ಅಂದರು ಆಯಮ್ಮ. ಮತ್ತೆ ಭಾವನ ಕಡೆ ತಿರುಗಿ, "ನಿಮ್ಮ ಊರಲ್ಲಿ ಶಾಲೆ ಯಾರು ಕಟ್ಟಿದ್ರು?" ಅಂತ ಕೇಳಿದರು.

ಭಾವ ಹುರುಪಿನಿಂದಲೇ ಹೇಳಿದರು, ತಮ್ಮೂರಲ್ಲೂ ಊರಿನವರೇ ಹೆಂಚು, ತೊಲೆ ಕೊಟ್ಟು ಕಟ್ಟಿದ್ದು ಅಂತ. ಅಲ್ಲಿಗೇ ನಿಲ್ಲಿಸಬಹುದಿತ್ತು. ಸ್ವಲ್ಪ ತಡೆದು, "ಆದ್ರೆ ಕೇರಿ ಮಕ್ಕಳು ಒಳಗೆ ಬರ್ತಿರಲಿಲ್ಲ. ಹೊರಗೆ ಜಗಲಿ ಮೇಲೆ ಕೂತು ಕೇಳಿಸ್ಕೊಳ್ತಿದ್ರು" ಅಂದರು. ನಾನು ಇಂಗ್ಲಿಷಿಗೆ ತಿರುಗಿಸಿದೆ. "ಯಾರು ಕೂರಿಸಿದ್ದು ಹೊರಗೆ?" ಅಂದರು ಅಜ್ಜಿ.

"ನಾವೇ" ಅಂದರು ಭಾವ. ಇದಕ್ಕೆ ನಾನು ತಿರುಗಿಸಬೇಕಾಗಲಿಲ್ಲ, ಅವರೇ ಇಂಗ್ಲಿಷಿನಲ್ಲಿ ಹೇಳಿದರು.

ಅಜ್ಜಿ ತಲೆಯಾಡಿಸಿದರು, ಮಾತು ಬೆಳೆಸಲಿಲ್ಲ. ಕೇಕು ಇನ್ನೊಂದು ತುಂಡು ಬೇಕಾ ಅಂದರು. ಆಮೇಲೆ ತಮ್ಮ ಮೊಮ್ಮಗ ನರ್ಸಿಂಗ್ ಓದುತ್ತಿರುವುದು, ಗಂಡಸಾಗಿ ನರ್ಸಿಂಗ್ ಯಾಕೆ ಅಂತ ತಮ್ಮ ಯಜಮಾನರು ಗೊಣಗುತ್ತಿರುವುದು, ಈ ವರ್ಷ ಪೆಕಾನ್ ಫಸಲು ಕಡಿಮೆ ಆಗಿರುವುದು, ಎಲ್ಲ ಹೇಳಿದರು. ಹೊರಡುವಾಗ ಟವೆಲ್ ವಾಪಸ್ ತೆಗೆದುಕೊಳ್ಳಲಿಲ್ಲ.

ವಾಪಸ್ ಬರುವಾಗ ಹೆದ್ದಾರಿ ಸೇರುವ ಮುಂಚೆ ಒಬ್ಬ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದ. ದೊಡ್ಡ ಹಂಡೆ, ಉಪ್ಪು ನೀರು, ಒಂದರಲ್ಲಿ ಮಸಾಲೆ ಖಾರ. ಭಾವ ಎರಡೂ ಥರ ಕೊಂಡು, ಸಿಪ್ಪೆಗೆ ಬೇರೆ ಕವರ್ ಕೇಳಿ ಈಸಿಕೊಂಡು, ಕಾರಿನಲ್ಲಿ ಕೂತು ತಮ್ಮ ಹೆಬ್ಬಾಳದ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬರೆಯಲು ಶುರು ಮಾಡಿದರು. ಇಟ್ಟಿಗೆ ಭಟ್ಟಿ, ಗಿರವಿ ಇಟ್ಟ ವಾಚು, ಕಾರ್ವರ್ ಕೋಳಿಗಳು, ಬೋರ್ಡಿನ ಮುಂದಿನ ನಾಲ್ಕು ಫೋಟೋ. ಬೆಂಗಳೂರಿನಲ್ಲಿ ಆಗ ನಡುರಾತ್ರಿ ಕಳೆದಿತ್ತು. ಆದರೂ ನಿದ್ದೆ ಬಾರದ ಒಬ್ಬ ನಿವೃತ್ತ ಡಾಕ್ಟರ್ ಲಾಗ್ರೇಂಜ್ ದಾಟುವಷ್ಟರಲ್ಲಿ ಉತ್ತರ ಹಾಕಿದ್ದರು. ಎಲ್ಲ ಜನಾಂಗದವರನ್ನೂ ಸೇರಿಸಿಕೊಳ್ಳುತ್ತಾರಾ, ಫೀಸು ಎಷ್ಟು, ಮೊಮ್ಮಗಳಿಗೆ ನಾಯಿ ಬೆಕ್ಕು ಅಂದರೆ ಪ್ರಾಣ. ಸೇರಿಸಿಕೊಳ್ಳುತ್ತಾರೆ, ಎಲ್ಲರನ್ನೂ ಸೇರಿಸಿಕೊಳ್ಳುತ್ತಾರೆ ಅಂತ ನಾನು ಗಾಡಿ ಓಡಿಸುತ್ತಲೇ ಹೇಳಿದೆ. ಭಾವ ಅದನ್ನು ಬರೆದು, ಕೋಳಿ ವಿಭಾಗಕ್ಕೆ ಮಾತ್ರ ಹಾಕಿಸಬೇಡ ಅಂತ ಕೆಳಗೆ ಸೇರಿಸಿದರು.